ಬೆಂಗಳೂರು ಅನ್ನಬ್ಯಾಡ್ರಿ, ಲಿಂಗಸುಗೂರು ಅನ್ರಿ

ಜರ್ಮನಿಯ ಫ್ರೈಬೆರ್ಗ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಫೋನ್ ಮಾಡಿದಾಗಲೆಲ್ಲ ಅವ್ವನದು ಒಂದೇ ಪ್ರಶ್ನೆ: "ಅಲ್ಲಿ ಮಂದಿ ಮಾತಾಡಸ್ತಾರೇನಪ್ಪ?" ಮಾತಾಡಿಸ್ತಾರೆ. ಆದರೆ ಮಾತು ಬೇರೆ, ಗೆಳೆತನ ಬೇರೆ.

2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿದ್ದ ಭಾರತದ ವಿದ್ಯಾರ್ಥಿಗಳು ಸುಮಾರು 49 ಸಾವಿರ. ವಿದೇಶಿಯರಲ್ಲಿ ನಾವೇ ಹೆಚ್ಚು. ಇಂಗ್ಲಿಷ್‌ನಲ್ಲಿ ಕಲಿಸುವ ಕೋರ್ಸ್‌ಗಳಿಗೆ ಸೇರುವವರಲ್ಲಿ ಹೊರಗಿನವರೇ ಜಾಸ್ತಿ; ಜರ್ಮನ್ ಹುಡುಗರು ಪಕ್ಕದ ಕ್ಲಾಸಿನಲ್ಲಿ. ಸಂಜೆ ಹಾಸ್ಟೆಲ್ ಅಡುಗೆಮನೆಯಲ್ಲಿ ನಮ್ಮದೇ ಗುಂಪು, ನಮ್ಮದೇ ಸಾರು, ನಮ್ಮದೇ ವಾಟ್ಸ್ಯಾಪ್. ಎರಡು ವರ್ಷ ಹಿಂಗೇ ಕಳೆದುಹೋಗಬಹುದು.

ಇದು ನಮ್ಮ ಕಡೆಯವರಿಗೆ ಹೊಸದಲ್ಲ. ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಿಗೆ ಪೂರ್ವ ಪಾಕಿಸ್ತಾನದಿಂದ ಬಂಗಾಳಿಗಳು ಬಂದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಆಂಧ್ರದ ರೈತರು ಬಂದರು. ಅವರು ಕನ್ನಡ ಕಲಿತರು. ನಮ್ಮಲ್ಲಿ ಬಂಗಾಳಿ ಕಲಿತವರು ಎಷ್ಟು ಮಂದಿ? ದ್ವೇಷ ಅಂತಲ್ಲ. ಊರವರಿಗೆ ಊರಲ್ಲೇ ಬೇಕಾದಷ್ಟು ಜನ ಇರ್ತಾರೆ; ಹೊಸ ಗೆಳೆಯ ಬೇಕಾಗಿರೋದು ಬಂದವನಿಗೆ. ಇಲ್ಲಿಯ ಹುಡುಗರೂ ಅಷ್ಟೇ, ಶುಕ್ರವಾರ ಬಂತಂದ್ರೆ ಬ್ಯಾಗ್ ಹಾಕ್ಕೊಂಡು ಮನೆಗೆ.

"ಯಾವೂರು?" ಅಂದ್ರೆ ನಾವು "ಬೆಂಗಳೂರು ಕಡೆ" ಅಂತೀವಿ. "ಓ, ಐಟಿ!" ಅಂತಾರೆ. ಮಾತು ಅಲ್ಲಿಗೇ ಮುಗೀತು. ಒಂದಿನ ಲ್ಯಾಬಿನ ಜರ್ಮನ್ ಹುಡುಗನಿಗೆ ಇದ್ದದ್ದು ಇದ್ದಂಗೆ ಹೇಳಿದೆ: ನಮ್ಮದು ಲಿಂಗಸುಗೂರು, ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಇಳಿದು ದುಡಿದವರು, ಅವರ ನೈಟ್ ಶಿಫ್ಟ್ ಮುಗಿಯೋ ತನಕ ಅವ್ವ ಮಲಗುತ್ತಿರಲಿಲ್ಲ ಅಂತ. ಅವನು ಸುಮ್ಮನಾದ. ಆಮೇಲೆ, "ನಮ್ಮಜ್ಜಿನೂ ಹಂಗೇ" ಅಂದ. ಫ್ರೈಬೆರ್ಗ್ ಬೆಳ್ಳಿ ಗಣಿಯಿಂದ ಬೆಳೆದ ಊರು. 1765ರಲ್ಲೇ ಗಣಿ ವಿದ್ಯೆಗೆ ಅಕಾಡೆಮಿ ಕಟ್ಟಿದ್ದಾರೆ. 'ಗ್ಲುಕ್ ಔಫ್' ಅನ್ನೋ ಗಣಿಗಾರರ ನಮಸ್ಕಾರ ಈಗಲೂ ಕೇಳಿಸುತ್ತೆ. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರಿದ್ದ ಶಾಸನ ಪತ್ತೆ ಮಾಡಿದ ಬೀಡನ್ ಕೂಡ ಚಿನ್ನದ ಗಣಿ ಎಂಜಿನಿಯರ್ ಅಂದಾಗ ಅವನು ಕುರ್ಚಿ ಎಳಕೊಂಡು ಕೂತ. ಈಗ ವಾರಕ್ಕೊಮ್ಮೆ ಅವನು ನನ್ನ ಜರ್ಮನ್ ತಿದ್ದುತ್ತಾನೆ, ನಾನು ಒಗ್ಗರಣಿ-ಮಿರ್ಚಿ ಮಾಡ್ತೀನಿ.

ಹೊರಡಲಿರುವವರಿಗೆ ನನ್ನದು ಎರಡೇ ಮಾತು. ಭಾಷೆಯನ್ನು ಸರ್ಟಿಫಿಕೇಟಿಗೆ ನಿಲ್ಲಿಸಬೇಡಿ. ಪ್ರತಿ ವಾರ ಅದೇ ಮುಖ ಸಿಗೋ ಒಂದು ಸಂಘ ಸೇರಿ, ಫುಟ್‌ಬಾಲೋ ಹಾಡೋ ಏನಾದರೂ ಸರಿ.

ಊರಲ್ಲೇ ಇರುವವರಿಗೆ ಒಂದು ಮಾತು. ಮೈಸೂರಿನಲ್ಲೂ ಹೊರದೇಶದಿಂದ ಓದಲು ಬಂದವರಿದ್ದಾರೆ. ಅಲ್ಲಿ ಊರವರು ನೀವು. "ಊಟ ಆತೇನು?" ಅಂತ ಮೊದಲು ಕೇಳೋರು ನೀವಾಗ್ರಿ.