ಗುಳಿಗೆ ನುಂಗಿದರೆ ಸಾಲದು, ಮದ್ದು ರಕ್ತಕ್ಕೆ ಸೇರಬೇಕು

ಕ್ಷಯರೋಗಿಗೆ ನಮ್ಮ ಸರಕಾರಗಳು ಹೇಳುತ್ತ ಬಂದಿರುವ ಬುದ್ಧಿಮಾತು ಒಂದೇ: ಗುಳಿಗೆ ತಪ್ಪಿಸಬೇಡ. ಆರು ತಿಂಗಳಾದರೂ ರೋಗ ಹೋಗದಿದ್ದರೆ ತಪ್ಪೆಲ್ಲ ರೋಗಿಯ ತಲೆಗೆ. ಕುಡಿದ, ಊರು ಬಿಟ್ಟ, ಪಾಳಿ ತಪ್ಪೀತೆಂದು ಆಸ್ಪತ್ರೆಗೆ ಬರಲಿಲ್ಲ. ಬರೆಯಲು ಕಾರಣಗಳಿಗೇನು ಬರ? ಆದರೆ ನುಂಗಿದ ಗುಳಿಗೆಯಲ್ಲಿದ್ದ ಮದ್ದು ರಕ್ತಕ್ಕೆ ಸೇರಿತೇ ಎಂದು ಕೇಳುವವರು ಕಡಮೆ.

ಈ ಪ್ರಶ್ನೆಯನ್ನು ಪ್ರಯೋಗಶಾಲೆಯಲ್ಲಿಟ್ಟು ಉತ್ತರ ಹುಡುಕಿದವರು ನಮ್ಮ ದೇಶದಲ್ಲೇ ಇದ್ದಾರೆ. ಮೊಹಾಲಿಯ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಸರಣಜಿತ್ ಸಿಂಗ್ ಮತ್ತು ಅವರ ಸಂಗಡಿಗರು 2001ರ ಸುಮಾರಿಗೆ ಪ್ರಕಟಿಸಿದ ಸಂಶೋಧನೆಯನ್ನು ದುಡಿಯುವ ಜನ ತಿಳಿದಿರಬೇಕೆಂದು ನಾವು ಬಯಸುತ್ತೇವೆ.

ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಪ್ರಯೋಗವು, ಕ್ಷಯರೋಗಿ ಆರೋಗ್ಯಧಾಮದಲ್ಲಿ ಮಲಗಬೇಕಿಲ್ಲ, ಮನೆಯಲ್ಲಿದ್ದೇ ಮದ್ದು ತೆಗೆದುಕೊಂಡು ಗುಣವಾಗಬಲ್ಲ ಎಂದು 1959ರಲ್ಲಿ ಜಗತ್ತಿಗೆ ತೋರಿಸಿತು. ಬಡವನಿಗೆ ಅದು ದೊಡ್ಡ ವರವಾಯಿತು. ಅಂದಿನಿಂದ ಭಾರವೆಲ್ಲ ಮದ್ದಿನ ಮೇಲೆ ಬಿತ್ತು. ಇಂದು ರಿಫಾಂಪಿಸಿನ್, ಐಸೋನಿಯಾಜಿಡ್, ಪೈರಾಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಮದ್ದುಗಳನ್ನು ಒಂದೇ ಗುಳಿಗೆಯಲ್ಲಿ ಬೆರೆಸಿ ಕೊಡುತ್ತಾರೆ. ಇದು ಒಳ್ಳೆಯದೇ. ಹಿಡಿ ತುಂಬ ಗುಳಿಗೆ ನುಂಗುವುದು ತಪ್ಪುತ್ತದೆ. ಒಂದನ್ನು ನುಂಗಿ ಇನ್ನೊಂದನ್ನು ಬಿಟ್ಟು ರೋಗಾಣುವನ್ನು ಮೊಂಡು ಮಾಡುವ ಅಪಾಯವೂ ತಪ್ಪುತ್ತದೆ.

ತೊಡಕಿರುವುದು ಹೊಟ್ಟೆಯೊಳಗೆ. ನಾಲ್ಕರಲ್ಲಿ ಮುಖ್ಯವಾದ ರಿಫಾಂಪಿಸಿನ್ ಜಠರದ ಹುಳಿಯಲ್ಲಿ ಅಷ್ಟಿಷ್ಟು ಒಡೆಯುತ್ತದೆ. ಅದೊಂದೇ ಇದ್ದರೆ ನಷ್ಟ ಅಲ್ಪ. ಜೊತೆಯಲ್ಲಿ ಐಸೋನಿಯಾಜಿಡ್ ಇದ್ದರೆ ಅದು ಒಡೆದ ಭಾಗವನ್ನು ಹಿಡಿದುಕೊಳ್ಳುತ್ತದೆ. ಆಗ ರಿಫಾಂಪಿಸಿನ್ ಇನ್ನಷ್ಟು ಒಡೆಯುತ್ತದೆ. ಒಂದೇ ಮನೆಯಲ್ಲಿಟ್ಟ ಇಬ್ಬರು ಜಗಳಾಡಿ ಮನೆಯ ಗಂಟು ಕರಗಿಸಿದಂತೆ! ಮೇಲಾಗಿ ರಿಫಾಂಪಿಸಿನ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವಲ್ಲ. ಅದರ ಹರಳಿನ ರೂಪ, ಪುಡಿಯ ನಯ, ಗುಳಿಗೆ ಒತ್ತಿದ ಬಿಗಿ, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಸ್ಟ್ರಿಪ್ಪಿನ ಮೇಲೆ 150 ಮಿಲಿಗ್ರಾಂ ಎಂದು ಅಚ್ಚಾಗಿದ್ದರೂ, ಗುಳಿಗೆ ಕೆಟ್ಟದಾಗಿ ತಯಾರಾಗಿದ್ದರೆ ರಕ್ತಕ್ಕೆ ಸೇರುವುದು ಕಡಮೆ. ರಸಾಯನ ವಿಜ್ಞಾನಿಗಳು ಇದಕ್ಕೊಂದು ಉಪಾಯವನ್ನೂ ಸೂಚಿಸಿದರು: ಗುಳಿಗೆ ಒಂದೇ ಇರಲಿ, ಆದರೆ ರಿಫಾಂಪಿಸಿನ್ ಜಠರದಲ್ಲಿ ಬಿಡುಗಡೆಯಾಗಲಿ, ಐಸೋನಿಯಾಜಿಡ್ ಹೊದಿಕೆಯೊಳಗೆ ಭದ್ರವಾಗಿದ್ದು ಮುಂದೆ ಕರುಳಿನಲ್ಲಿ ಬಿಡುಗಡೆಯಾಗಲಿ.

ಎಥಾಂಬುಟಾಲಿನದು ಬೇರೆ ಕಥೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಆಷಾಢದಲ್ಲಿ ಉಪ್ಪಿನ ಮೂಟೆಯ ಗತಿ ಏನೆಂದು ಅಂಗಡಿ ಇಟ್ಟ ನಮ್ಮ ಓದುಗರಿಗೆ ಹೇಳಬೇಕಿಲ್ಲ. ಸ್ಟ್ರಿಪ್ಪು ಹರಿದ ಗುಳಿಗೆಯೂ ಹಾಗೆಯೇ ತೇವ ಹಿಡಿದು ಬಣ್ಣಗೆಡುತ್ತದೆ.

ಇದನ್ನೋದಿ ಯಾರೂ ಗುಳಿಗೆ ನಿಲ್ಲಿಸಕೂಡದು. ಸರಿಯಾಗಿ ತಯಾರಾದ ಗುಳಿಗೆ ಕ್ಷಯವನ್ನು ಗುಣಪಡಿಸುತ್ತದೆ, ಅದರಲ್ಲಿ ಸಂದೇಹವಿಲ್ಲ. ನಮ್ಮ ತಕರಾರು ಗುಳಿಗೆಯ ಮೇಲಲ್ಲ, ಅದನ್ನು ಕೊಳ್ಳುವ ರೀತಿಯ ಮೇಲೆ.

ರಿಫಾಂಪಿಸಿನ್ ರಕ್ತಕ್ಕೆ ಸೇರುವುದೆಂದು ರುಜುವಾತಾಗದೆ ಇಂಥ ಬೆರಕೆ ಗುಳಿಗೆಯನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕ್ಷಯರೋಗ ಒಕ್ಕೂಟವೂ 1994ರಲ್ಲೇ ಎಚ್ಚರಿಸಿದ್ದವು. ರಿಫಾಂಪಿಸಿನ್ನಿನಂತೆ ಕರಗಲು ಕಷ್ಟವಾದ ಮದ್ದುಗಳಿಗೆ ಹೊಸ ಲೈಸೆನ್ಸು ಕೇಳುವವರು ಈ ಬಗೆಯ ಪರೀಕ್ಷೆಯ ಫಲಿತಾಂಶ ಒಪ್ಪಿಸಬೇಕೆಂದು ನಮ್ಮ ಕೇಂದ್ರ ಸರಕಾರ ನಿಯಮ ಮಾಡಿದ್ದು 2017ರಲ್ಲಿ. ಅದಕ್ಕೂ ಮೊದಲೇ ಲೈಸೆನ್ಸು ಪಡೆದವರ ಮಾತೇನು? 2024ರ ಮಾರ್ಚಿನಲ್ಲಿ ಕ್ಷಯದ ಮದ್ದಿಗೆ ಕೊರತೆ ಬಿದ್ದಾಗ, ಸ್ಥಳೀಯವಾಗಿ ಕೊಂಡುಕೊಳ್ಳಿರೆಂದು ಅದೇ ಕೇಂದ್ರ ರಾಜ್ಯಗಳಿಗೆ ಬರೆದು ಕೈತೊಳೆದುಕೊಂಡಿತು. ಅವಸರದಲ್ಲಿ ಕೊಳ್ಳುವವನು ದರವನ್ನು ನೋಡುತ್ತಾನೆಯೇ ಹೊರತು ಹರಳಿನ ರೂಪವನ್ನಲ್ಲ.

ಗಿರಣಿಗೆ ಬರುವ ಹತ್ತಿಯನ್ನು ಎಳೆ ಎಳೆಯಾಗಿ ಪರೀಕ್ಷಿಸದೆ ಯಾವ ಮಾಲೀಕನೂ ಕೊಳ್ಳುವುದಿಲ್ಲ. ಗಿರಣಿಯಾಳಿನ ಎದೆಗೆ ಹೋಗುವ ಮದ್ದಿಗೆ ಅಷ್ಟು ಮರ್ಯಾದೆಯೂ ಬೇಡವೇ? ಮೊಹಾಲಿಯ ಸಂಸ್ಥೆ ನಡೆಯುವುದು ಜನರ ತೆರಿಗೆಯ ಹಣದಲ್ಲಿ. ಅಲ್ಲಿ ಹುಟ್ಟಿದ ತಿಳಿವಳಿಕೆ ಸರಕಾರದ ಟೆಂಡರಿನ ಷರತ್ತಾಗಬೇಕು. ಸರಬರಾಜಾದ ಪ್ರತಿಯೊಂದು ತಂಡದ ಗುಳಿಗೆಯೂ ಎಷ್ಟು ಕರಗಿತೆಂಬ ಲೆಕ್ಕವನ್ನು ಜಿಲ್ಲಾ ಕ್ಷಯರೋಗ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಬೇಕು. ಆರು ತಿಂಗಳಾದರೂ ಗುಣವಾಗದ ರೋಗಿಯನ್ನು ಗದರಿಸುವ ಮೊದಲು ಅವನು ನುಂಗಿದ ತಂಡದ ಗುಳಿಗೆಯನ್ನು ಪರೀಕ್ಷೆಗೆ ಕಳುಹಿಸಬೇಕು.