ಮನೆ ಕೊಂಡವರೂ ಊರು ಸೇರಿದವರೂ

ನಗರದಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದ ಮನುಷ್ಯನ ಮನಸ್ಸಿನಲ್ಲಿ ಒಂದಲ್ಲ ಒಂದು ದಿನ ಹಳ್ಳಿಯ ಮನೆಯ ಚಿತ್ರ ಮೂಡುವುದು ಸಹಜ. ಹೊಗೆ, ಗದ್ದಲ, ಬಾಡಿಗೆ, ಧಾವಂತಗಳಿಂದ ಬೇಸತ್ತ ಜೀವವು ಒಂದು ಬೆಟ್ಟದ ತಪ್ಪಲು, ಒಂದು ತೊರೆ, ನಾಲ್ಕು ಮರ, ಅವುಗಳ ನಡುವೆ ತನ್ನದೆಂಬ ಒಂದು ಸೂರು, ಇಷ್ಟನ್ನು ಬಯಸಿದರೆ ಅದನ್ನು ತಪ್ಪೆನ್ನಲಾಗದು. ಈ ಬಯಕೆ ಒಂದೇ ದೇಶದ್ದಲ್ಲ, ಒಂದೇ ಕಾಲದ್ದೂ ಅಲ್ಲ. ಆದರೆ ಹಣ ಕೊಟ್ಟು ಮನೆ ಕೊಳ್ಳುವುದು ಬೇರೆ, ಆ ಮನೆಯಿರುವ ಊರನ್ನು ಸೇರುವುದು ಬೇರೆ. ಮೊದಲನೆಯದು ನೋಂದಣಿ ಕಚೇರಿಯಲ್ಲಿ ಒಂದು ದಿನದಲ್ಲಿ ಮುಗಿಯುತ್ತದೆ; ಎರಡನೆಯದಕ್ಕೆ ವರ್ಷಗಳೇ ಬೇಕು. ಈ ಅಂತರವನ್ನು ಅರಿಯಬಯಸುವವರಿಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಕಳೆದ ತೊಂಬತ್ತು ವರ್ಷಗಳ ಅನುಭವ ಒಳ್ಳೆಯ ಪಾಠವಾಗಬಲ್ಲುದು.

ವರ್ಮಾಂಟ್ ಆ ದೇಶದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಾಗಿಕೊಂಡಿರುವ ಬೆಟ್ಟಗಾಡು. 1850ರಲ್ಲಿ ಅದರ ಜನಸಂಖ್ಯೆ 3,14,120. ನೂರಹತ್ತು ವರ್ಷಗಳ ಅನಂತರ, 1960ರಲ್ಲಿ, ಅದು 3,89,881 ಮಾತ್ರ. ಪಶ್ಚಿಮದ ವಿಶಾಲ ಬಯಲುಗಳೂ ಕಾರ್ಖಾನೆಯ ಪಟ್ಟಣಗಳೂ ಕೈಬೀಸಿ ಕರೆದಾಗ ಬೆಟ್ಟದ ಕಲ್ಲುಭೂಮಿಯ ರೈತನ ಮಕ್ಕಳು ತಲೆಮಾರಿನ ಮೇಲೆ ತಲೆಮಾರು ಊರು ಬಿಟ್ಟರು. ಉಳುವವರಿಲ್ಲದ ಹೊಲಗಳಲ್ಲಿ ಕಾಡು ಬೆಳೆಯಿತು. ಅಂದಿನ ಹೊಲದ ಎಲ್ಲೆಗೆ ಹಾಕಿದ ಕಲ್ಲುಗೋಡೆಗಳು ಇಂದಿಗೂ ದಟ್ಟ ಕಾಡಿನ ನಡುವೆ ಕಾಣಸಿಗುತ್ತವೆ. 2020ರ ಜನಗಣತಿಯಲ್ಲಿ 6,43,077 ಜನರಿದ್ದ ಈ ರಾಜ್ಯದಲ್ಲಿ ನೂರಕ್ಕೆ ಸುಮಾರು 65 ಮಂದಿ ಗ್ರಾಮವಾಸಿಗಳು. ಆ ದೇಶದ 50 ರಾಜ್ಯಗಳಲ್ಲಿ ಗ್ರಾಮವಾಸಿಗಳ ಪ್ರಮಾಣ ಅತ್ಯಧಿಕವಾಗಿರುವುದು ಇಲ್ಲಿಯೇ.

ಹೀಗೆ ಬರಿದಾಗುತ್ತಿದ್ದ ನಾಡು ನಗರದವರನ್ನು ತಾನಾಗಿಯೇ ಕರೆಯಿತು. 1932ರಲ್ಲಿ ವರ್ಮಾಂಟ್ ಸರಕಾರದ ಪ್ರಚಾರ ಇಲಾಖೆ ಒಂದು ಪುಸ್ತಿಕೆಯನ್ನು ಹೊರತಂದಿತು. ಬರೆದವರು ಅದೇ ರಾಜ್ಯದಲ್ಲಿ ನೆಲೆಸಿದ್ದ ಖ್ಯಾತ ಲೇಖಕಿ ಡೊರೊಥಿ ಕ್ಯಾನ್‌ಫೀಲ್ಡ್ ಫಿಶರ್. ಬುದ್ಧಿಯ ದುಡಿಮೆಯಿಂದ ಬಾಳುವ ವಿದ್ಯಾವಂತರು ಬಿಟ್ಟುಹೋದ ತೋಟದ ಮನೆಗಳನ್ನು ಕೊಂಡು ಬೇಸಗೆಯನ್ನು ಅಲ್ಲಿ ಕಳೆಯಲಿ ಎಂಬುದು ಅದರ ಆಹ್ವಾನ. ಆ ಕರೆಯಲ್ಲಿ ಕಪಟವಿರಲಿಲ್ಲ. ಬೀಳುವ ಮನೆಗಳು ನಿಂತರೆ ಊರೂ ನಿಂತೀತೆಂಬ ಆಸೆಯಿತ್ತು. ಅದೇ ವರ್ಷ ನ್ಯೂಯಾರ್ಕ್ ನಗರವನ್ನು ಬಿಟ್ಟು ವರ್ಮಾಂಟಿಗೆ ಬಂದ ಇಬ್ಬರು ಮಾತ್ರ ಬೇಸಗೆಯ ಅತಿಥಿಗಳಾಗಿ ಬರಲಿಲ್ಲ, ವರ್ಷದ ಹನ್ನೆರಡೂ ತಿಂಗಳು ಬಾಳಲು ಬಂದರು. ಅವರೇ ಸ್ಕಾಟ್ ನಿಯರಿಂಗ್ ಮತ್ತು ಹೆಲೆನ್.

ಸ್ಕಾಟ್ ನಿಯರಿಂಗ್ ಅರ್ಥಶಾಸ್ತ್ರದ ಅಧ್ಯಾಪಕರು. ತಮ್ಮ ನಿರ್ಭೀತ ಅಭಿಪ್ರಾಯಗಳಿಂದಾಗಿ 1915ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಹುದ್ದೆಯನ್ನು ಕಳೆದುಕೊಂಡವರು. ಯುದ್ಧವನ್ನು ವಿರೋಧಿಸಿ ಬರೆದುದಕ್ಕೆ ನ್ಯಾಯಾಲಯದ ಕಟಕಟೆಯನ್ನೇರಿ 1919ರಲ್ಲಿ ನಿರ್ದೋಷಿಯೆಂದು ಹೊರಬಂದವರು. ಹೆಲೆನ್ ಪಿಟೀಲು ಕಲಿತ ವಿದುಷಿ. ತಾರುಣ್ಯದಲ್ಲಿ ಭಾರತದ ಜಿಡ್ಡು ಕೃಷ್ಣಮೂರ್ತಿಯವರ ನಿಕಟ ಒಡನಾಟವಿದ್ದವರು. ಐವತ್ತರ ಸಮೀಪದಲ್ಲಿದ್ದ ಅವರೂ ಇಪ್ಪತ್ತೆಂಟರ ಈಕೆಯೂ ತಮ್ಮ ಕೈಯಿಂದಲೇ ಕಲ್ಲಿನ ಮನೆಗಳನ್ನು ಕಟ್ಟಿದರು, ತರಕಾರಿ ಬೆಳೆದರು, ಸೌದೆ ಕಡಿದರು. ನಗದು ಹಣಕ್ಕಾಗಿ ಮೇಪಲ್ ಮರದ ರಸವನ್ನು ಕಾಯಿಸಿ ಪಾಕ ಮಾಡಿ ಮಾರಿದರು. ಸುಮಾರು 40 ಕೊಡ ರಸ ಬತ್ತಿದರೆ ಒಂದು ಕೊಡ ಪಾಕ. ಅದರ ಹಿಂದಿನ ಶ್ರಮವನ್ನು ಆಲೆಮನೆಯ ಬೆಂಕಿಯ ಮುಂದೆ ನಿಂತವರು ಬಲ್ಲರು. ದಿನದಲ್ಲಿ ನಾಲ್ಕು ತಾಸು ಅನ್ನಕ್ಕಾಗಿ ದೈಹಿಕ ದುಡಿಮೆ, ನಾಲ್ಕು ತಾಸು ಓದು ಬರಹ ಸಂಗೀತ, ನಾಲ್ಕು ತಾಸು ಜನರೊಡನೆ ಬೆರೆಯುವುದು ಎಂದು ಅವರು ನಿಯಮ ಹಾಕಿಕೊಂಡಿದ್ದರು. ಕನ್ನಡ ನಾಡು ಕಾಯಕವೆಂದು ಗೌರವಿಸುವ ತತ್ತ್ವದ ಅರ್ಥ ಇಂಥ ಬಾಳಿಗೆ ಅಪರಿಚಿತವೇನೂ ಅಲ್ಲ.

ಆದರೂ ಅವರ ಬದುಕಿನಲ್ಲಿ ಹೆಚ್ಚು ಕಲಿಸುವುದು ಅವರ ಯಶಸ್ಸಲ್ಲ, ಅವರು ತಾವೇ ಒಪ್ಪಿಕೊಂಡ ಸೋಲು. 1954ರಲ್ಲಿ ಪ್ರಕಟವಾದ ‘ಲಿವಿಂಗ್ ದಿ ಗುಡ್ ಲೈಫ್’ ಗ್ರಂಥದಲ್ಲಿ, ಮನೆ ಕಟ್ಟುವುದು ಬೆಳೆ ತೆಗೆಯುವುದು ಸಾಧ್ಯವಾಯಿತು, ಆದರೆ ಕಣಿವೆಯ ಜನರೊಡನೆ ಸೇರಿ ಸಹಕಾರದ ಜೀವನ ಕಟ್ಟುವ ಯತ್ನ ಫಲಿಸಲಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಸುತ್ತಲಿನ ಬೆಟ್ಟಗಳಲ್ಲಿ ಹಿಮಕ್ರೀಡೆಯ ವಿಹಾರಧಾಮಗಳ ಗಾಳಿ ಬೀಸತೊಡಗಿತು, ಭೂಮಿಯ ಬೆಲೆ ಏರಿತು. 1952ರಲ್ಲಿ ಅವರು ಮೇನ್ ರಾಜ್ಯದ ಕಡಲತೀರಕ್ಕೆ ತೆರಳಿದರು. ಹೊರಡುವ ಮುನ್ನ, ತಮ್ಮ ಶ್ರಮವಿಲ್ಲದೆಯೇ ಬೆಲೆ ಏರಿದ್ದ ಅರಣ್ಯಭೂಮಿಯನ್ನು ಮಾರಿ ಲಾಭ ಮಾಡಿಕೊಳ್ಳದೆ ವಿನ್‌ಹಾಲ್ ಎಂಬ ಊರಿಗೆ ಸಾರ್ವಜನಿಕ ಅರಣ್ಯವಾಗಿ ಒಪ್ಪಿಸಿದರು. ಮುಂದೆ 1968ರಲ್ಲಿ ಎಲಿಯಟ್ ಕೋಲ್‌ಮನ್ ಎಂಬ ತರುಣ ಭೂಮಿ ಕೇಳಿ ಬಂದಾಗ ಮೇನ್‌ನ ತಮ್ಮ ಜಮೀನಿನಲ್ಲಿ ಸುಮಾರು 60 ಎಕರೆಯನ್ನು ತಾವು ಕೊಂಡ ಬೆಲೆಗೇ, ಎಕರೆಗೆ 33 ಡಾಲರಿನಂತೆ, ಕೊಟ್ಟರು. ಆ ತರುಣ ಸಾವಯವ ಕೃಷಿಯಲ್ಲಿ ಹೆಸರಾಂತ ಆಚಾರ್ಯನಾದುದು ಅನಂತರದ ಕಥೆ. ಹೊರಗಿನ ಆದಾಯದ ಆಸರೆಯೂ ನಿಯರಿಂಗ್ ದಂಪತಿಗಳಿಗಿತ್ತೆಂದು ನೆರೆಯವರೊಬ್ಬರು ಮುಂದೆ ಬರೆದಿರುವುದುಂಟು. ಅದನ್ನು ಒಪ್ಪಿದರೂ, ಭೂಮಿಯ ಬೆಲೆಯ ಏರಿಕೆಯನ್ನು ತಮ್ಮ ಗಳಿಕೆಯೆಂದು ಎಣಿಸದ ಅವರ ನಡೆ ಕಿರಿದಾಗದು.

ಅವರ ಗ್ರಂಥ 1970ರಲ್ಲಿ ಮರುಮುದ್ರಣಗೊಂಡಾಗ ಅಮೆರಿಕದ ಯುವಜನ ಅದನ್ನು ಕೈಪಿಡಿಯಂತೆ ಓದಿದರು. ಅಷ್ಟರಲ್ಲಿ ಹೊಸ ಹೆದ್ದಾರಿಗಳು ನ್ಯೂಯಾರ್ಕ್ ಬಾಸ್ಟನ್‌ಗಳನ್ನು ವರ್ಮಾಂಟಿನ ಬಾಗಿಲಿಗೆ ತಂದಿದ್ದವು. 1960ರಿಂದ 1980ರೊಳಗೆ ರಾಜ್ಯದ ಜನಸಂಖ್ಯೆ 3,89,881ರಿಂದ 5,11,456ಕ್ಕೆ ಏರಿತು. ನೂರು ವರ್ಷದಲ್ಲಿ ಆಗದುದು ಇಪ್ಪತ್ತು ವರ್ಷದಲ್ಲಿ ಆಯಿತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯ ಅರ್ಥ ಹೀಗೆ ಬಂದವರಿಗೆ ಮೊದಲ ಚಳಿಗಾಲದಲ್ಲಿಯೇ ತಿಳಿಯುತ್ತಿತ್ತು. ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ರಾತ್ರಿಗಳು, ಬೇಸಗೆಯಲ್ಲಿಯೇ ಒಟ್ಟಿಕೊಳ್ಳದಿದ್ದರೆ ಒಣ ಸೌದೆ ಸಿಗದ ಕಷ್ಟ, ಹಿಮ ಕರಗುವಾಗ ಮಣ್ಣುರಸ್ತೆಗಳಲ್ಲಿ ಗಾಲಿ ಹೂಳುವ ಕೆಸರಿನ ಕಾಲ. ಸಿಕ್ಕಿಬಿದ್ದ ಗಾಡಿಯನ್ನು ಎಳೆಯಲು ಟ್ರ್ಯಾಕ್ಟರು ತರುವವನು ನೆರೆಯ ರೈತನೇ ಹೊರತು ಬೇರಾರೂ ಅಲ್ಲ. ಕೆಲವರು ಮರಳಿ ನಗರದ ದಾರಿ ಹಿಡಿದರು. ನೆರೆಯವರಿಂದ ಕಲಿಯುವ ವಿನಯವಿದ್ದ ಹಲವರು ಉಳಿದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಬರ್ನಿ ಸ್ಯಾಂಡರ್ಸ್ 1964ರಲ್ಲಿ ಮಿಡಲ್‌ಸೆಕ್ಸ್ ಎಂಬಲ್ಲಿ 85 ಎಕರೆಯನ್ನು 2,500 ಡಾಲರಿಗೆ ಕೊಂಡರು, 1968ರಲ್ಲಿ ರಾಜ್ಯದಲ್ಲಿಯೇ ನೆಲೆನಿಂತರು, 1981ರಲ್ಲಿ ಕೇವಲ ಹತ್ತು ಮತಗಳ ಅಂತರದಿಂದ ಬರ್ಲಿಂಗ್ಟನ್ ಪಟ್ಟಣದ ಮೇಯರ್ ಆದರು. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಹೊರಗಿನಿಂದ ಬಂದವನನ್ನು ತನ್ನವನನ್ನಾಗಿ ಮಾಡಿಕೊಳ್ಳಲು ಆ ನಾಡು ಹಿಂಜರಿಯಲಿಲ್ಲವೆಂಬುದಕ್ಕೆ ಇದು ನಿದರ್ಶನ.

ಆದರೆ ಬಂದವರೆಲ್ಲರೂ ಬಾಳಲು ಬರಲಿಲ್ಲ. ವರ್ಷದಲ್ಲಿ ಕೆಲವೇ ವಾರ ದೀಪ ಬೆಳಗುವ ಮನೆಗಳು ಸಾಲುಸಾಲಾಗಿ ಎದ್ದವು. ಭೂಮಿಯನ್ನು ತುಂಡರಿಸಿ ಮಾರುವ ವ್ಯಾಪಾರ ಬೆಳೆಯಿತು. ಇದನ್ನು ಕಂಡು 1970ರಲ್ಲಿ, ಗವರ್ನರ್ ಡೀನ್ ಡೇವಿಸ್ ಅವರ ಕಾಲದಲ್ಲಿ, ‘ಆಕ್ಟ್ 250’ ಎಂದು ಹೆಸರಾದ ಶಾಸನ ಬಂದಿತು. ದೊಡ್ಡ ಬಡಾವಣೆ ಕಟ್ಟುವವರು ನೀರು, ಮಣ್ಣು, ರಸ್ತೆಗಳಿಗೆ ಹಾನಿಯಾಗದೆಂದು ಮಾತ್ರವಲ್ಲ, ಊರಿನ ಶಾಲೆಯ ಮೇಲೆ ತಾಳಲಾರದ ಹೊರೆ ಬೀಳದೆಂದೂ ತೋರಿಸಬೇಕಾಯಿತು. 1973ರಲ್ಲಿ, ಭೂಮಿಯನ್ನು ಕೊಂಡು ಆರು ವರ್ಷದೊಳಗೆ ಮಾರುವವರ ಲಾಭದ ಮೇಲೆ ವಿಶೇಷ ತೆರಿಗೆ ಬಂದಿತು; ಬೇಗ ಮಾರಿದಷ್ಟೂ ತೆರಿಗೆ ಹೆಚ್ಚು. ಮುಂದೆ ಅದರ ವ್ಯಾಪ್ತಿಯನ್ನು ಕುಗ್ಗಿಸಲಾಯಿತಾದರೂ ಅದರ ಹಿಂದಿನ ವಿವೇಕವನ್ನು ಅಲ್ಲಗಳೆಯಲಾಗದು: ಭೂಮಿ ಬಾಳುವ ನೆಲೆಯೇ ಹೊರತು ಜೂಜಿನ ಪಣವಲ್ಲ.

ಮನೆ ಕೊಂಡವನಿಗೂ ಊರು ಸೇರಿದವನಿಗೂ ಇರುವ ಅಂತರ ಸ್ಪಷ್ಟವಾಗಿ ಕಾಣುವುದು ಮಾರ್ಚ್ ತಿಂಗಳ ಮೊದಲ ಮಂಗಳವಾರ. ಅಂದು ವರ್ಮಾಂಟಿನ ಊರೂರುಗಳಲ್ಲಿ ಗ್ರಾಮಸಭೆಯ ದಿನ. ರಸ್ತೆಗೆಷ್ಟು, ಅಗ್ನಿಶಾಮಕ ವಾಹನಕ್ಕೆಷ್ಟು ಎಂಬುದನ್ನು ಊರವರೇ ಮಾತಾಡಿ ಕೈಯೆತ್ತಿ ತೀರ್ಮಾನಿಸುವ ಈ ಪದ್ಧತಿ ಬಹು ಹಳೆಯದು. ಇಂದು ಹಲವೆಡೆ ಮತಚೀಟಿ ಅದರ ಸ್ಥಾನಕ್ಕೆ ಬಂದಿದೆ. ಶಾಲೆಯ ವೆಚ್ಚಕ್ಕೂ ಊರವರ ಮತವೇ ಆಧಾರ. ಈ ಮತ ನಿವಾಸಿಗೆ ಮಾತ್ರ. ಊರಿನಲ್ಲಿ ಎಷ್ಟೇ ದೊಡ್ಡ ಬಂಗಲೆಯಿದ್ದರೂ ಬೇರೆಡೆ ವಾಸಿಸುವವನಿಗೆ ಇಲ್ಲ. ಶಾಲಾ ತೆರಿಗೆಯ ಲೆಕ್ಕದಲ್ಲಿಯೂ ತಾನು ವಾಸಿಸುವ ಮನೆ ಇದೇ ಎಂದು ಯಜಮಾನ ಪ್ರತಿವರ್ಷ ಘೋಷಿಸಬೇಕು. ಘೋಷಿಸಿದ ಮನೆಗೊಂದು ಬಗೆ, ಉಳಿದುದಕ್ಕೆ ಇನ್ನೊಂದು ಬಗೆ.

ಬೇಸಗೆಯ ಮನೆಯವರ ಪರವಾಗಿಯೂ ಹೇಳುವುದಿದೆ. ಅವರು ತೆರಿಗೆ ಕೊಡುತ್ತಾರೆ, ಶಾಲೆಗೆ ಮಕ್ಕಳನ್ನು ಕಳಿಸುವುದಿಲ್ಲ. ಬಡಗಿಗೆ, ಗಾರೆಯವನಿಗೆ, ಅಂಗಡಿಯವನಿಗೆ ಅವರಿಂದ ದುಡಿಮೆಯುಂಟು. ಈ ವಾದ ಸುಳ್ಳಲ್ಲ. ಆದರೆ ಅದರ ಫಲ ಎಲ್ಲ ಊರುಗಳಿಗೂ ಸಮನಾಗಿ ಬರಲಿಲ್ಲ. ವಿಹಾರಧಾಮಗಳಿದ್ದ ಊರುಗಳು ಕಡಿಮೆ ದರದ ತೆರಿಗೆಯಿಂದಲೇ ಶ್ರೀಮಂತ ಶಾಲೆಗಳನ್ನು ನಡೆಸಿದರೆ, ಬಡ ಊರುಗಳು ಹೆಚ್ಚು ತೆರಿಗೆ ತೆತ್ತೂ ಬಡ ಶಾಲೆಗಳನ್ನೇ ಪಡೆದವು. 1997ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇದು ಮಕ್ಕಳ ಸಮಾನ ಹಕ್ಕಿಗೆ ವಿರುದ್ಧವೆಂದು ತೀರ್ಪಿತ್ತಿತು. ಅದೇ ವರ್ಷ ಶಾಸನ ಬದಲಾಗಿ, ಮಗು ಯಾವ ಊರಿನದಾದರೂ ಶಿಕ್ಷಣಕ್ಕೆ ಸಮಾನ ಆಸರೆ ಸಿಗಬೇಕೆಂಬ ತತ್ತ್ವ ಜಾರಿಗೆ ಬಂದಿತು. ಆದರೂ ತೆರಿಗೆಯ ಹಣದಿಂದ ತುಂಬಲಾಗದ ಕೊರತೆಯೊಂದುಂಟು: ಮಕ್ಕಳು. ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತ ಬಂದುದರಿಂದ 2015ರ ಶಾಸನವೊಂದು ಚಿಕ್ಕ ಶಾಲಾ ವಲಯಗಳ ವಿಲೀನಕ್ಕೆ ದಾರಿ ಮಾಡಿತು. ಬೀಗ ಹಾಕಿದ ಚೆಂದದ ಮನೆ ಶಾಲೆಗೆ ಹಣ ಕೊಡಬಲ್ಲುದು, ಹಾಜರಿ ಕೊಡಲಾರದು. ಒಂದು ಶಾಲೆ ಮುಚ್ಚಿದರೆ ಊರಿನ ಬಾಯಿಗೇ ಬೀಗ ಬಿದ್ದಂತೆ ಎಂಬುದನ್ನು ಶಾಲೆ ಕಟ್ಟಿ ಬೆಳೆಸಿದವರಿಗೆ ವಿವರಿಸಬೇಕಾಗಿಲ್ಲ.

ಅದಕ್ಕಾಗಿಯೇ ಆ ರಾಜ್ಯ 2018ರಲ್ಲಿ ಒಂದು ಹೊಸ ಯೋಜನೆ ಮಾಡಿತು. ಹೊರರಾಜ್ಯದ ಕಂಪನಿಗಳಿಗೆ ಮನೆಯಿಂದಲೇ ಕೆಲಸ ಮಾಡುತ್ತ ವರ್ಮಾಂಟಿಗೆ ಬಂದು ನೆಲೆಸುವವರಿಗೆ ಎರಡು ವರ್ಷದಲ್ಲಿ 10,000 ಡಾಲರಿನವರೆಗೆ ವೆಚ್ಚ ಭರಿಸುವುದಾಗಿ ಸಾರಿತು. 1932ರ ಕರೆ ಬೇಸಗೆಗೆ ಬನ್ನಿ ಎಂದಿತ್ತು. ಈ ಕರೆ ಬಾಳಲು ಬನ್ನಿ ಎಂದಿತು. ಆದರೆ 2020ರ ಮಹಾಮಾರಿಯ ಕಾಲದಲ್ಲಿ ಕರೆಯದೆಯೇ ನಗರದವರು ಬಂದರು. ನಗರದ ಸಂಬಳದ ಮುಂದೆ ಹಳ್ಳಿಯ ಸಂಬಳ ಸೋತಿತು. ಊರಿನ ಶಿಕ್ಷಕ, ದಾದಿ, ಹಿಮ ತೆಗೆಯುವ ಕೆಲಸಗಾರ ತಮ್ಮ ಊರಿನಲ್ಲಿಯೇ ಮನೆ ಕೊಳ್ಳಲಾರದ ಸ್ಥಿತಿ ಬಿಗಡಾಯಿಸಿತು. ಊರನ್ನು ಉಳಿಸಲು ಬಂದ ಹಣವೇ ಊರವನನ್ನು ಹೊರದೂಡಿದರೆ, ಯಾರಿಗಾಗಿ ಉಳಿಸಿದಂತಾಯಿತು?

ಈ ಪ್ರಶ್ನೆ ಕರ್ನಾಟಕಕ್ಕೆ ಪರಕೀಯವಲ್ಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆದಿದ್ದ, 1961ರ ಭೂಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಕಲಮುಗಳನ್ನು 2020ರಲ್ಲಿ ರದ್ದುಪಡಿಸಲಾಯಿತು. ಅಂದಿನಿಂದ ಬೆಂಗಳೂರಿನ ದುಡಿಮೆಗಾರನಿಗೆ ಹಳ್ಳಿಯ ಭೂಮಿಯ ಬಾಗಿಲು ತೆರೆದಿದೆ. ತೆರೆದ ಬಾಗಿಲಿನಿಂದ ಒಳಬರುವವರಲ್ಲಿ ಹಳ್ಳಿಯ ಶಾಲೆಯಲ್ಲಿಯೇ ಅಕ್ಷರ ಕಲಿತು ನಗರ ಸೇರಿದವರೂ ಇದ್ದಾರೆ. ತಂತಿಬೇಲಿ, ಕಬ್ಬಿಣದ ಗೇಟು, ಒಬ್ಬ ಕಾವಲುಗಾರ, ವರ್ಷಕ್ಕೆರಡು ಭೇಟಿ, ಇಷ್ಟಾದರೆ ಭೂಮಿಗೆ ಒಡೆಯ ಸಿಕ್ಕಿದನೇ ಹೊರತು ಊರಿಗೆ ಮನುಷ್ಯ ಸಿಕ್ಕಲಿಲ್ಲ.

ಹಾಗಾದರೆ ನಗರ ಬಿಟ್ಟು ಹಳ್ಳಿಯಲ್ಲಿ ಮನೆ ಕೊಳ್ಳಬಾರದೆ? ಖಂಡಿತವಾಗಿ ಕೊಳ್ಳಬೇಕು. ಬರಿದಾದ ಊರಿಗೆ ಬರುವ ಒಂದು ಕುಟುಂಬವೂ ಬೆಲೆಯುಳ್ಳದ್ದೇ. ಆದರೆ ಕೊಳ್ಳುವ ಮುನ್ನ ಊರಿನ ಕಠಿನ ಋತುವನ್ನು ಒಮ್ಮೆ ಕಂಡಿರಬೇಕು. ಕೊಂಡ ಮೇಲೆ ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸಬೇಕು, ಮಕ್ಕಳಿಲ್ಲದಿದ್ದರೆ ತಾವೇ ಶಾಲೆಯ ಬಾಗಿಲಿಗೆ ಹೋಗಬೇಕು. ಗ್ರಾಮಸಭೆಯಲ್ಲಿ ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಮಾತಾಡಬೇಕು. ಬಿಟ್ಟುಹೋಗುವ ದಿನ ಬಂದರೆ ಭೂಮಿ ಬಾಳುವವರ ಕೈಗೆ ಸೇರುವಂತೆ ನೋಡಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದರು ಹಿರಿಯರು. ಕೊಡ ಹಿಡಿದು ಬಾವಿಯ ಕಟ್ಟೆಗೆ ಬಂದವಳಿಗೆ ಊರು ಹಗ್ಗ ಕೊಟ್ಟಿತು, ಮಾತಾಡಿಸಿತು, ತನ್ನವಳೆಂದು ಕರೆಯಿತು. ಮನೆಯೊಳಗೇ ನಲ್ಲಿ ಹಾಕಿಸಿಕೊಂಡು ಬಾಗಿಲು ಮುಚ್ಚಿದವನಿಗೆ ಮನೆಯೊಂದೇ ಉಳಿಯುತ್ತದೆ. ಊರು ಅವನ ಕಿಟಕಿಯ ಹೊರಗೆ ಕಾಣುವ ಒಂದು ನೋಟವಾಗಿಯೇ ಇರುತ್ತದೆ.