ಲಾಳಿಯೂ ಹೊಳೆಯೂ

"ಬಲ ಎಂದರೇನು?" ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಪಠ್ಯದ ವಾಕ್ಯವನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ "ಉರುಳಿಬಿಟ್ಟ ಗೋಲಿ ಏಕೆ ನಿಂತಿತು?" ಎಂದರೆ, "ನೂಕಿದ ಬಲ ಮುಗಿಯಿತು" ಎನ್ನುವವರೇ ಹೆಚ್ಚು. ನೂಕುತ್ತಲೇ ಇದ್ದರೆ ಮಾತ್ರ ವಸ್ತು ಚಲಿಸುತ್ತದೆಂದು ಗ್ರೀಸಿನ ಅರಿಸ್ಟಾಟಲನೂ ನಂಬಿದ್ದನು. ಹೀಗಾಗಿ ನಮ್ಮ ಹುಡುಗರನ್ನು ಬೈಯುವಂತಿಲ್ಲ.

ಈ ತಪ್ಪನ್ನು ತಿದ್ದುವ ಉಪಕರಣ ರಾಜೋಳಿಯ ನೇಕಾರರ ಮನೆಗಳಲ್ಲಿಯೇ ಇದೆ. ಹಗ್ಗ ಜಗ್ಗುವ ಮಗ್ಗವನ್ನು ನೋಡಿರಿ. ಒಂದು ಜಗ್ಗಿಗೆ ಲಾಳಿ ಹೊರಡುತ್ತದೆ. ಹಾಸಿನ ನಡುವೆ ಓಡುವಾಗ ಅದನ್ನು ಯಾರೂ ಮುಂದಕ್ಕೆ ನೂಕುತ್ತಿಲ್ಲ, ಆದರೂ ಓಡುತ್ತದೆ. ಘರ್ಷಣೆ ಅದನ್ನು ತುಸು ತಡೆಯುತ್ತದೆ, ಆಚೆಯ ಪೆಟ್ಟಿಗೆ ಪೂರ್ತಿ ನಿಲ್ಲಿಸುತ್ತದೆ. ಬಲ ಬೇಕಾದುದು ಚಲನೆಯನ್ನು ಬದಲಿಸುವುದಕ್ಕೆ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೊದಲ ನಿಯಮ ಇದೇ. ಕಂಡಿಕೆಯ ನೂಲು ತೀರುತ್ತ ಬಂದಾಗ ಲಾಳಿ ಹಗುರವಾಗುತ್ತದೆ. ಅಷ್ಟೇ ಜೋರಿನಿಂದ ಜಗ್ಗಿದರೆ ಹೆಚ್ಚು ವೇಗದಿಂದ ಓಡುತ್ತದೆ. ಇದು ಎರಡನೆಯ ನಿಯಮ. ನೇಯುವವರ ಕೈಗೆ ಇದು ಗೊತ್ತು. ಪರೀಕ್ಷೆಯಲ್ಲಿ ಯಾರೂ ಅವರನ್ನು ಕೇಳುವುದಿಲ್ಲ, ಅಷ್ಟೆ.

ಆದುದರಿಂದ ವಿಜ್ಞಾನದ ಪಾಠ ಹಲಗೆಯಿಂದಲ್ಲ, ಮಗ್ಗದಿಂದ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ. ಹಾಗೆಂದು ಮಕ್ಕಳನ್ನು ಶಾಲೆ ಬಿಡಿಸಿ ಮಗ್ಗದ ಕುಣಿಯಲ್ಲಿ ಕೂರಿಸಿರೆಂದು ತಂದೆತಾಯಿಗಳಿಗೆ ಹೇಳುತ್ತಿಲ್ಲ. ಲಾಳಿ ಓಡುವುದನ್ನು ನೋಡುತ್ತ ಮಗಳು "ಏಕೆ?" ಎಂದು ಕೇಳಿದರೆ, "ಹೋಗಿ ಓದಿಕೋ" ಎಂದು ಗದರಿಸಬೇಡಿರಿ. ಆಗ ಅವಳು ಓದುತ್ತಿರುವುದೂ ಪಾಠವನ್ನೇ.

ಅಂಕಗಳಿಗಾಗಿ ಮಾತ್ರ ಈ ಮಾತು ಹೇಳುತ್ತಿಲ್ಲ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ರಾಜೋಳಿಯೊಳಕ್ಕೆ ನುಗ್ಗಿದ್ದನ್ನು ಹಿರಿಯರು ಮರೆತಿಲ್ಲ. ಮನೆಗಳು ಬಿದ್ದವು, ಮಗ್ಗಗಳು ಹಾಳಾದವು. ಒಂದು ಘನ ಮೀಟರ್ ನೀರು ಎಂದರೆ 1,000 ಕಿಲೋಗ್ರಾಂ. ಹರಿವಿನ ವೇಗ ಎರಡರಷ್ಟಾದರೆ, ಅಡ್ಡ ನಿಂತವನ ಮೇಲೆ ಅದು ಹಾಕುವ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ನೀರು ಏರಿದಂತೆ ಅದು ನಮ್ಮನ್ನು ಮೇಲಕ್ಕೂ ಎತ್ತುವುದರಿಂದ ಕಾಲಿನ ಹಿಡಿತ ಸಡಿಲುತ್ತದೆ. ಸೊಂಟದವರೆಗಿನ ನಿಂತ ನೀರಿನಲ್ಲಿ ನಡೆದು ಬಂದವನನ್ನು ಮೊಣಕಾಲುದ್ದದ ಹರಿವ ನೀರು ಕೆಡವಬಲ್ಲದು.

ನಮ್ಮ ಹುಡುಗರು ನೀರಿನ ಆಳವನ್ನು ಕೋಲಿನಿಂದ ಅಳೆಯುತ್ತಾರೆ. ಮುಂದಿನ ಮಳೆಗಾಲದಲ್ಲಿ ದಂಡೆಯ ಮೇಲೆ ದೂರ ನಿಂತು, ತೇಲಿ ಹೋಗುವ ಒಂದು ಕಡ್ಡಿಯ ವೇಗವನ್ನೂ ಎಣಿಸಲಿ.